ಸೀಟು ತೊಳೆಯುವವಳು

“ದೂರದಿಂದಲ್ಲ ಕಣೇ ಮುಂಡೇದೆ, ಮೂಗು ಸೀಟಿಗೆ ಒತ್ತಿ ಮೂಸು! ಈಗ ಬೊಗಳು, ವಾಸನೆ ಇದೆಯೋ ಇಲ್ವೋ?”

ನೊರೆಯಕ್ಕ ಬಿಳಿ ಕಾರಿನ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಅದರ ಒದ್ದೆ ಬಟ್ಟೆಗೆ ಮುಖ ಒತ್ತಿದಳು. ಸೋಪಿನ ಘಾಟು ಮೂಗಿಗೆ ಏರಿತು. ಬೇರೆ ಏನೂ ಇರಲಿಲ್ಲ.

“ಇಲ್ಲ ಸಾರ್. ಸೋಪು ಅಷ್ಟೇ.”

“ನಿನಗೇನು ಗೊತ್ತಾಗುತ್ತೆ? ಹುಟ್ಟಿದ್ದೇ ಗಬ್ಬಲ್ಲಿ. ಅಮ್ಮಾವ್ರಿಗೆ ವಾಸನೆ ಬಂತಂತೆ. ಇನ್ನೊಂದು ಸಲ ತೊಳಿ, ಬೇಗ.”

ಹೀಗೆ ಕೂಗಿದವನು ಸೂಪರ್‌ವೈಸರು. ತೊಳೆಯುವ ಹೆಂಗಸರು ಅವನನ್ನು ಸೆಂಟು ಸಾಹೇಬ ಅನ್ನುತ್ತಿದ್ದರು. ಅವನಿಗಿಂತ ಮೊದಲು ಅವನ ಸೆಂಟು ಶೆಡ್ಡಿಗೆ ಬರುತ್ತಿತ್ತು, ಅವನು ಹೋದಮೇಲೂ ನೆಂಟರ ಹಾಗೆ ಉಳಿದಿರುತ್ತಿತ್ತು. ಅವನ ಹಿಂದೆ ಅಂಗೈಯಗಲದ ಕಪ್ಪು ಕನ್ನಡಕ ಹಾಕಿದ ಅಮ್ಮಾವ್ರು ಕರವಸ್ತ್ರದಿಂದ ಮೂಗು ಮುಚ್ಚಿ ನಿಂತಿದ್ದರು. ಆಗಷ್ಟೇ ವಿಮಾನದಿಂದ ಇಳಿದವರು. ಗಂಡನ ಜೊತೆ ಬೆಟ್ಟದ ಮೇಲಿನ ಊರಿಗೆ ತಂಪು ಗಾಳಿ ಸವಿಯಲು ಹೊರಟವರು. ನೊರೆಯಕ್ಕ ಕಾರಿನೊಳಗಿಂದ ಹಿಂದಕ್ಕೆ ತೆವಳಿ ಇಳಿಯುವುದನ್ನು ನೋಡಿ, ಎರಡು ಹೆಜ್ಜೆ ಸರಿದು ನಿಂತರು.

ವಿಮಾನ ನಿಲ್ದಾಣದ ಮುಂದುಗಡೆ ಗಾಜು, ಹೂಕುಂಡ, ನಗುವ ಹುಡುಗಿಯರು. ಹಿಂದುಗಡೆ ತಗಡಿನ ಶೆಡ್ಡು, ಪೈಪು, ಬಕೆಟ್ಟು, ಈ ಹೆಂಗಸರು. ಬೆಟ್ಟದ ರಸ್ತೆ ಹಾವಿನ ಹಾಗೆ ಸುತ್ತುತ್ತದೆ. ಅದರ ತಿರುವುಗಳಲ್ಲಿ ಎಂಥೆಂಥ ಗಟ್ಟಿ ಹೊಟ್ಟೆಯವರೂ ಕಕ್ಕುತ್ತಾರೆ. ಕಾರುಗಳು ಅದನ್ನೆಲ್ಲ ಹೊತ್ತು ಕೆಳಗಿಳಿಯುತ್ತವೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಈ ಹೆಂಗಸರಿಗೆ ಆ ನುಣುಪು ಕಂಡದ್ದೇ ಇಲ್ಲ. ಅವರಿಗೆ ಗೊತ್ತಿದ್ದ ಬೆಟ್ಟ ಎಂದರೆ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡು ಒಣಗಿದ್ದು. ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕು. ನೊರೆಯಕ್ಕ ಕೂದಲು ನರೆಯುವಷ್ಟು ಕಾಲ ಆ ಕೆಲಸ ಮಾಡಿದ್ದಳು, ಒಂದು ದಿನವೂ ಬೆಟ್ಟ ಹತ್ತಿರಲಿಲ್ಲ.

ಇವತ್ತು ಹತ್ತಲೇಬೇಕಿತ್ತು.

ಬೆಳಿಗ್ಗೆ ಬಕೆಟ್ಟಿಗೆ ನೀರು ಬಿಡುತ್ತಿರುವಾಗಲೇ ಅಳಿಯ ಫೋನು ಮಾಡಿದ್ದ. ಅವಳ ಮಗಳು ಬೆಟ್ಟದ ಮೇಲಿನ ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು, ತುಂಬಿದ ಬಸುರಿ. “ಅತ್ತೆ, ನೀರು ಹೋಗಿಬಿಟ್ಟಿದೆ. ನೋವು ಬರುತ್ತೆ, ಹೋಗುತ್ತೆ, ಮಗು ಮಾತ್ರ ಬರ್ತಿಲ್ಲ. ಕೆಳಗಿನ ಆಸ್ಪತ್ರೆಗೆ ಇಳಿಸಲೇಬೇಕು ಅಂತಾಳೆ ನರ್ಸಮ್ಮ. ಆಂಬುಲೆನ್ಸು ಕೆಟ್ಟು ಗ್ಯಾರೇಜಲ್ಲಿ ನಿಂತಿದೆ. ಕಂಪನಿ ಕಾರುಗಳು ಸಾಲಾಗಿ ನಿಂತಿವೆ ಅತ್ತೆ, ಕಾಲಿಗೆ ಬಿದ್ದೆ, ಒಬ್ಬನೂ ಹತ್ತಿಸಿಕೊಳ್ತಿಲ್ಲ. ಸೀಟು ಗಲೀಜಾಗುತ್ತಂತೆ.”

“ಆ ಸೀಟು ತೊಳೆಯೋಳು ಅವಳ ಅಮ್ಮನೇ ಅಲ್ವೇನೋ!” ಎಂದು ನೊರೆಯಕ್ಕ ಫೋನಿನಲ್ಲಿ ಕಿರುಚಿದ್ದಳು. ಕಿರುಚಿ ಏನು ಪ್ರಯೋಜನ? ಅಳಿಯನ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ.

ಸ್ಟೇರಿಂಗ್ ಇದ್ದದ್ದು ಅವಳ ಸ್ವಂತ ತಮ್ಮನ ಕೈಯಲ್ಲಿ. ಈಗ ಮೂಸಿ ಇಳಿದಳಲ್ಲ, ಆ ಬಿಳಿ ಕಾರನ್ನು ಓಡಿಸುವವನು ಅವನೇ. ಕೆಲಸದವರನ್ನು ಹತ್ತಿಸಿಕೊಳ್ಳಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಅದನ್ನು ಕಾಯಲು ಪ್ರತಿ ಕಾರಿನ ಮುಂದಿನ ಗಾಜಿಗೂ ಒಂದು ಕ್ಯಾಮೆರಾ ಅಂಟಿಸಿದ್ದರು. “ಮೇಲಿಂದ ಬರೋವಾಗ ನೋಡ್ತೀನಿ ಬಿಡಕ್ಕ” ಎಂದಿದ್ದ ತಮ್ಮ. ಅವನ ‘ನೋಡ್ತೀನಿ’ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕ ಜೊತೆಗಿದ್ದರೆ ಹುಲಿ, ಇಲ್ಲದಿದ್ದರೆ ಇಲಿ. ತಾನೇ ಹೋಗಿ, ಮಗಳನ್ನು ಎತ್ತಿ ಸೀಟಿನ ಮೇಲೆ ಮಲಗಿಸಿ, ‘ಓಡಿಸೋ’ ಅಂದರೆ ಮಾತ್ರ ಅವನು ಓಡಿಸಿಯಾನು. ಅದಕ್ಕೇ ಅವಳು ಆ ಕಾರನ್ನೇ ಹತ್ತಬೇಕಿತ್ತು.

ಆದರೆ ಕಾರು ಹೊರಡಬೇಕಲ್ಲ.

ಅಮ್ಮಾವ್ರು ಮತ್ತೆ ಮುಂದುಗಡೆಯ ಕೌಂಟರಿಗೆ ಹೋದರು. ಗೋಡೆಯ ಮೇಲೆ ಚಿತ್ರಗಳಿದ್ದವು: ದೊಡ್ಡ ಕಾರು, ಚಿಕ್ಕ ಕಾರು, ಮಲಗಿ ಹೋಗುವ ಬಸ್ಸು, ಹೆಲಿಕಾಪ್ಟರು. ನೊರೆಯಕ್ಕ ಎರಡನೇ ಸಲ ಸೀಟು ಉಜ್ಜುತ್ತಾ ಗಾಜಿನಾಚೆ ನೋಡಿದಳು. ಬಾಗಿಲು ತೆರೆದಾಗಲೆಲ್ಲ ಮಾತು ತುಂಡುತುಂಡಾಗಿ ಕೇಳಿಸುತ್ತಿತ್ತು.

“ಹೆಲಿಕಾಪ್ಟರ್ ಚೆನ್ನಾಗಿರುತ್ತಲ್ವಾ? ಆದರೆ ಗಾಳಿಗೆ ಅಲ್ಲಾಡುತ್ತಂತೆ ಕಣ್ರೀ.”

“ಹಾಗಾದರೆ ಬಸ್ಸು.”

“ಬಸ್ಸಲ್ಲಿ ಯಾರ್ಯಾರೋ ಉಸಿರು ಬಿಟ್ಟಿರ್ತಾರೆ.”

“ಸರಿ, ನಿನ್ನಿಷ್ಟ. ಆರಿಸು, ಅವಸರ ಏನಿದೆ? ನಾವು ಬಂದಿರೋದೇ ಆರಾಮಾಗಿರೋಕೆ.” ಯಜಮಾನರು ಹೀಗೆಂದು ಕಾಫಿ ತರಿಸಿದರು.

ಅವಸರ ಏನಿದೆ! ನೊರೆಯಕ್ಕನ ಎದೆಯೊಳಗೆ ಬೆಂಕಿ ಬಿದ್ದಿತ್ತು. ಅವಳ ಜೊತೆ ಬಕೆಟ್ಟು ಹಿಡಿದಿದ್ದ ಬೊಚ್ಚಜ್ಜಿ, ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆ ಇದ್ದವಳು, ಕೌಂಟರಿನ ಕಡೆ ನೋಡಿ ಕ್ಯಾಕರಿಸಿದಳು. “ಹೆಣ್ಣು ನೋಡೋಕೆ ಬಂದ ಬೀಗರೂ ಇಷ್ಟು ಹೊತ್ತು ಕೂರಲ್ಲ. ಅತ್ತ ಹಾರೋದೂ ಬೇಡ, ಇತ್ತ ಉರುಳೋದೂ ಬೇಡ. ನಾಲ್ಕು ಜನ ಹೆಗಲ ಮೇಲೆ ಹೊತ್ಕೊಂಡು ಹೋದ್ರೆ ಸರಿಹೋಗುತ್ತೇನೋ!”

ನೊರೆಯಕ್ಕನಿಗೆ ನಗು ಬರಲಿಲ್ಲ. ಬೊಚ್ಚಜ್ಜಿ ತನ್ನ ಲೋಟದ ಚಹಾವನ್ನು ಅವಳ ಕೈಗೆ ಬಲವಂತವಾಗಿ ಹಿಡಿಸಿದಳು. “ಕುಡಿಯೇ. ಬರೀ ಹೊಟ್ಟೇಲಿ ಬಾಣಂತನ ಮಾಡೋಕಾಗಲ್ಲ.” ಅವಳು ಒಂದೇ ಗುಟುಕಿಗೆ ಕುಡಿದಳು.

ಅಮ್ಮಾವ್ರು ಚಿಕ್ಕ ಕಾರನ್ನು ತರಿಸಿ ನೋಡಿದರು, ಕಾಲು ಚಾಚಲಾಗದು ಎಂದರು. ಕೆಂಪು ಕಾರನ್ನು ನೋಡಿ, ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದರು. ಕೊನೆಗೆ ಬಿಳಿಯದೇ ಇರಲಿ ಎಂದು ಮನಸ್ಸು ಮಾಡಿದರು. ಅವರ ಪೆಟ್ಟಿಗೆಗಳನ್ನು ತಮ್ಮ ಹಿಂದೆ ತುಂಬುವಾಗ ನೊರೆಯಕ್ಕ ಸೆಂಟು ಸಾಹೇಬನ ಮುಂದೆ ಕೈಮುಗಿದು ನಿಂತಳು.

“ಸಾರ್, ಹಿಂದುಗಡೆ ಪೆಟ್ಟಿಗೆ ಹತ್ರ ಮುದುರಿಕೊಂಡು ಕೂತಿರ್ತೀನಿ. ನನ್ನ ಮಗಳು ಸಾಯ್ತಿದ್ದಾಳೆ ಸಾರ್.”

“ದಿನಕ್ಕೊಬ್ಬರ ಮಗಳು ಸಾಯ್ತಾಳೆ. ಎಲ್ಲರನ್ನೂ ಹತ್ತಿಸಿಕೊಂಡು ಹೋಗೋಕೆ ಇದೇನು ನಿಮ್ಮಪ್ಪನ ಗಾಡಿಯೇನೇ, ಲೌಡಿ? ನಡಿ, ಪೈಪು ಹಿಡಿ.”

ಪೆಟ್ಟಿಗೆಯ ಪಟ್ಟಿಯನ್ನು ತಮ್ಮ ಬಿಗಿಯುತ್ತಲೇ ಇದ್ದ. ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದ. ತಲೆ ಎತ್ತಲಿಲ್ಲ.

ಆಗ ಅಮ್ಮಾವ್ರೇ ಬಾಯಿಬಿಟ್ಟರು. “ಇವಳು ಬರಲಿ ಬಿಡಿ. ನನಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತೆ. ಚೀಲ ಹಿಡಿದುಕೊಳ್ಳೋಕೆ, ಒರೆಸೋಕೆ ಒಬ್ಬಳು ಇದ್ದರೆ ಒಳ್ಳೆಯದೇ ಅಲ್ವಾ?”

ಸೆಂಟು ಸಾಹೇಬನ ಮುಖವೆಲ್ಲ ಹಲ್ಲಾಯಿತು. “ಖಂಡಿತ ಮೇಡಂ, ನಿಮ್ಮ ಸೇವೆಗೆ ತಾನೇ ನಾವಿರೋದು! ಏಯ್, ಹತ್ತೇ. ಏಪ್ರನ್ ಬಿಚ್ಚಬೇಡ, ನಿನ್ನ ಬಟ್ಟೆ ಸೀಟಿಗೆ ತಾಗಬಾರದು.”

ಮಗಳ ಪ್ರಾಣಕ್ಕೆ ಸಿಗದಿದ್ದ ಜಾಗ ವಾಂತಿ ಚೀಲ ಹಿಡಿಯುವುದಕ್ಕೆ ಸಿಕ್ಕಿತು. ನೊರೆಯಕ್ಕನಿಗೆ ಅದರ ಅವಮಾನ ಆಗ ತಟ್ಟಲೇ ಇಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಯಿತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಾಗ ಅದು ಯಾರ ಹೊಲದ್ದು ಎಂದು ಕೇಳುತ್ತಾಳೆಯೇ? ರಬ್ಬರ್ ಏಪ್ರನ್ ತೊಟ್ಟುಕೊಂಡೇ ಅವಳು ಹಿಂಬದಿಯ ಮಡಚುವ ಸೀಟಿನಲ್ಲಿ, ಎರಡು ಪೆಟ್ಟಿಗೆಗಳ ನಡುವೆ, ಬಂದ ದಾರಿಯ ಕಡೆ ಮುಖಮಾಡಿ ಕೂತಳು. ಕೈಯಲ್ಲಿ ಕಾಗದದ ಚೀಲಗಳ ಕಟ್ಟು.

ಬಯಲು ದಾಟಿ ರಸ್ತೆ ಏರತೊಡಗಿತು. ಅಮ್ಮಾವ್ರಿಗೆ ಹೊಟ್ಟೆ ತೊಳಸಲಿಲ್ಲ. ಅವರು ಏನನ್ನೋ ಚಪ್ಪರಿಸುತ್ತಾ ಗಂಡನ ಭುಜಕ್ಕೆ ಒರಗಿದರು. ಯಜಮಾನರು ಕಾರು ಓಡಿಸುತ್ತಿದ್ದ ತಮ್ಮನನ್ನು ಮಾತಿಗೆಳೆದರು. “ಈ ಕಡೆ ಜನ ತುಂಬ ಸಂತೋಷವಾಗಿ ಇರ್ತಾರಲ್ವಾ? ಮುಖದ ಮೇಲೇ ಕಾಣುತ್ತೆ.”

“ಹೌದು ಸಾರ್” ಎಂದ ತಮ್ಮ.

ಒಂದು ತಿರುವಿನಲ್ಲಿ ಕಾರು ನಿಲ್ಲಿಸಲು ಹೇಳಿ, ಗಂಡ ಹೆಂಡತಿ ಇಬ್ಬರೂ ಇಳಿದು ಕಣಿವೆಯ ಮುಂದೆ ನಿಂತು ಫೋಟೋ ತೆಗೆದುಕೊಂಡರು. ನೊರೆಯಕ್ಕ ಒಳಗೇ ಕೂತು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

“ಅತ್ತೆ, ಎಲ್ಲಿದ್ದೀರಿ?” ಅಳಿಯನ ದನಿ ಗಂಡಸಿನ ದನಿಯಾಗಿ ಉಳಿದಿರಲಿಲ್ಲ. ಅದರ ಹಿಂದೆ ಇನ್ನೊಂದು ದನಿ ಕೇಳಿಸಿತು. ಮಗಳು ಎಳೆ ಮಗುವಾಗಿದ್ದಾಗ ಜ್ವರ ಬಂದರೆ ನರಳುತ್ತಿದ್ದಳಲ್ಲ, ಅದೇ ದನಿ.

“ಬಂದೆ ಕಣಪ್ಪ, ಬಂದೇ ಬಿಟ್ಟೆ. ಗಾಡಿಯಲ್ಲೇ ಬರ್ತಿದ್ದೀನಿ ಅಂತ ಅವಳಿಗೆ ಹೇಳು. ಅಮ್ಮ ಗಾಡಿ ತರ್ತಿದ್ದಾಳೆ ಅನ್ನು.”

ಕಾರು ಮತ್ತೆ ಏರಿತು. ರಸ್ತೆ ಬಲಕ್ಕೆ ಸುತ್ತಿತು, ಎಡಕ್ಕೆ ಸುತ್ತಿತು. ಹಿಂದಕ್ಕೆ ಮುಖಮಾಡಿ ಕೂತವಳಿಗೆ ಬಿಟ್ಟುಬಂದ ರಸ್ತೆಯೆಲ್ಲ ಕೆಳಗೆ ಜಾರಿಹೋಗುತ್ತಿರುವ ಹಾಗೆ ಕಂಡಿತು. ಬೊಚ್ಚಜ್ಜಿಯ ಚಹಾ ಗಂಟಲ ಬುಡಕ್ಕೆ ಬಂತು. ಅವಳು ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು. ಕೈಯಲ್ಲಿದ್ದ ಚೀಲಗಳು ಅಮ್ಮಾವ್ರಿಗೆ ಎಂದು ಕೊಟ್ಟವು. ಅದರಲ್ಲೊಂದನ್ನು ತನಗೆ ಬಳಸಿಕೊಳ್ಳಬಹುದು ಎಂಬುದು ಅವಳಿಗೆ ಹೊಳೆಯಲೂ ಇಲ್ಲ. ಹೊಳೆದದ್ದು ಒಂದೇ: ಸೀಟು. ಆ ಬಿಳಿ ಬಟ್ಟೆಗೆ ಒಂದು ಹನಿ ಬಿದ್ದರೂ ಎಷ್ಟು ಉಜ್ಜಬೇಕು ಎಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು. ಮೂರನೇ ಸಲ ತಡೆಯಲಾಗದೆ ಅವಳು ರಬ್ಬರ್ ಏಪ್ರನ್ನಿನ ಅಂಚನ್ನು ಎರಡೂ ಕೈಯಲ್ಲಿ ಮೇಲೆತ್ತಿ ಮಡಿಲು ಮಾಡಿಕೊಂಡು, ಸದ್ದಿಲ್ಲದೆ ಅದರೊಳಗೇ ಕಕ್ಕಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡವಳ ಹಾಗೆ ಆ ಮಡಿಲನ್ನು ಹಿಡಿದು, ಅಲ್ಲಾಡದೆ ಕೂತಳು. ಹೀಗೇ ಊರು ಮುಟ್ಟಿಬಿಟ್ಟರೆ ಸಾಕು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಳು.

“ಏನಿದು ವಾಸನೆ?” ಅಮ್ಮಾವ್ರು ಎದ್ದು ಕೂತರು. ಹಿಂದಕ್ಕೆ ತಿರುಗಿ ನೋಡಿದರು. “ಅಯ್ಯೋ! ಥೂ! ಗಾಡಿ ನಿಲ್ಸಿ, ನಿಲ್ಸಿ!”

ಕಾರು ನಿಂತಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ನಡುವೆ ಬಿಗಿಯಾದ ತಿರುವು.

“ಅಮ್ಮಾ, ಸೀಟಿಗೆ ಏನೂ ಆಗಿಲ್ಲಮ್ಮ. ನೋಡಿ, ಎಲ್ಲಾ ಇದರೊಳಗೇ ಇದೆ. ಹೊರಗೆ ಚೆಲ್ಲಿ ಬರ್ತೀನಿ, ಒಂದೇ ನಿಮಿಷ.”

“ನನ್ನ ವಾಂತಿ ಹಿಡೀಲಿ ಅಂತ ಕರ್ಕೊಂಡು ಬಂದರೆ ಇವಳೇ ಮಾಡ್ಕೊಂಡು ಕೂತಿದ್ದಾಳಲ್ರೀ! ನನ್ನಿಂದ ಆಗಲ್ಲ. ಇಳಿಸಿ ಇವಳನ್ನ.”

ಯಜಮಾನರು ಒಳ್ಳೆಯವರೇ. ದನಿ ಏರಿಸಲಿಲ್ಲ. “ಡ್ರೈವರ್, ಬೇರೆ ಯಾವುದಾದರೂ ಗಾಡಿಗೆ ಹತ್ತಿಸಿಬಿಡಪ್ಪ. ಎಷ್ಟೊಂದು ಬರ್ತಿರ್ತವಲ್ಲ” ಎಂದರು.

ತಮ್ಮ ಇಳಿದು ಬಂದು ಹಿಂದಿನ ಬಾಗಿಲು ಎತ್ತಿದ. ಅವನ ಕಣ್ಣು ಅಕ್ಕನ ಮುಖದ ಮೇಲಿರಲಿಲ್ಲ, ಏಪ್ರನ್ನಿನ ಮಡಿಲ ಮೇಲಿತ್ತು.

“ಅಕ್ಕ, ಇಳಿ.”

“ನೀನು ಹೇಳ್ತಿದ್ದೀಯೇನೋ ಈ ಮಾತು?”

“ಹಿಂದೆ ಗಾಡಿಗಳು ಬರ್ತಾವೆ ಕಣಕ್ಕ. ನಮ್ಮವರೇ. ಹತ್ತಿಸ್ಕೋತಾರೆ.”

“ನೀನೇ ಹತ್ತಿಸ್ಕೊಳ್ಳಲಿಲ್ಲ, ಇನ್ಯಾವ ಬೋಳಿಮಗ ಹತ್ತಿಸ್ಕೋತಾನೋ? ಸರಿ, ನಾನು ಇಳೀತೀನಿ. ಮೇಲಿಂದ ನನ್ನ ಮಗಳನ್ನ ಕೂರಿಸ್ಕೊಂಡು ಬರ್ತೀನಿ ಅಂತ ಬಾಯಿಬಿಟ್ಟು ಹೇಳು. ನಿನ್ನ ಕೈಯಲ್ಲಿ ಆಡಿದ ಕೂಸು ಕಣೋ ಅದು.”

ತಮ್ಮ ಒಮ್ಮೆ ಮುಂದಿನ ಗಾಜಿನ ಕಡೆ, ಕ್ಯಾಮೆರಾ ಇದ್ದ ಕಡೆ, ನೋಡಿದ. ಅವನ ಮನೆಯಲ್ಲೂ ಹೊಟ್ಟೆಗಳಿದ್ದವು. ಅವನು ಬಾಗಿಲನ್ನು ಇನ್ನಷ್ಟು ಮೇಲೆತ್ತಿ ಹಿಡಿದ. ಅಕ್ಕ ಇಳಿದಳು, ಬಾಗಿಲು ಮುಚ್ಚಿತು. ಬಿಳಿ ಕಾರು ತಿರುವು ದಾಟಿ, ಅವಳ ತಲೆಯ ಮೇಲಿನ ರಸ್ತೆಯಲ್ಲಿ ಒಮ್ಮೆ ಕಾಣಿಸಿಕೊಂಡು ಮರೆಯಾಯಿತು.

ನೊರೆಯಕ್ಕ ಮಡಿಲು ಹಿಡಿದೇ ರಸ್ತೆಯಂಚಿಗೆ ನಿಂತಳು. ಒಂದು ನೀಲಿ ಕಾರು ಬಂತು. ಅದರ ಡ್ರೈವರು ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ಅವಳ ಹತ್ತಿರ ಬೆಂಕಿಪೊಟ್ಟಣ ಕೇಳುವವನು. ಅವಳು ಒಂದು ಕೈ ಬೀಸಿದಳು. ಅವನು ಸ್ಟೇರಿಂಗಿನಿಂದ ಎರಡು ಬೆರಳು ಎತ್ತಿ, ಆಗಲ್ಲ ಎಂದು ಅಲ್ಲಾಡಿಸಿ ಮುಂದೆ ಹೋದ. ಇನ್ನೊಂದು ಬಂತು. ಅದರ ಹಿಂದಿನ ಸೀಟೆಲ್ಲ ಖಾಲಿಯಿತ್ತು. ಮೇಲಿನಿಂದ ಯಾರನ್ನೋ ಕರೆತರಲು ಹೋಗುತ್ತಿತ್ತು. ಅದೂ ನಿಲ್ಲಲಿಲ್ಲ. ಆ ಸೀಟಿನ ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದು ಅವಳಿಗೆ ಗೊತ್ತಿತ್ತು, ಅವಳು ಅದರ ಮೇಲೆ ಕೂರುವ ಹಾಗಿರಲಿಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಬೈದಳು. ಡ್ರೈವರುಗಳನ್ನು ಬೈದಳು, ಅವರನ್ನು ಹೆತ್ತವರನ್ನು ಬೈದಳು, ಬೆಟ್ಟವನ್ನು ಬೈದಳು, ಅಂಥ ಬೆಟ್ಟದ ಮೇಲೆ ಮಗಳನ್ನು ಕೆಲಸಕ್ಕೆ ಕಳಿಸಿದ ತನ್ನನ್ನೂ ಬೈದುಕೊಂಡಳು. ನಡೆದು ಹೋಗೋಣವೆಂದರೆ ಊರು ಇನ್ನೂ ಮೋಡದೊಳಗಿತ್ತು. ಬಡವರ ಸಿಟ್ಟು ದವಡೆಗೆ ಮೂಲ ಎಂದು ಅವಳ ಗಂಡ ಬದುಕಿರುವಾಗ ಹೇಳುತ್ತಿದ್ದ. ಇರಲಿ, ದವಡೆಯೇ ಮುರಿಯಲಿ.

ಅವಳು ರಸ್ತೆಯ ನಟ್ಟನಡುವೆ ಹೋಗಿ, ತಿರುವು ತೀರ ಕಿರಿದಾಗುವ ಕಡೆ, ಕಾಲು ಚಾಚಿ ಕೂತಳು.

ಕೆಳಗಿನಿಂದ ಬಂದ ಬಸ್ಸು ಕಿರುಗುಟ್ಟಿ ನಿಂತಿತು. ಮೇಲಿನಿಂದ ಇಳಿದ ಕಾರು ಎದುರಿಗೆ ಬಂದು ನಿಂತಿತು. ಅದರ ಹಿಂದೆ ಮತ್ತೊಂದು, ಬಸ್ಸಿನ ಹಿಂದೆ ಮೂರ್ನಾಲ್ಕು. ಹಾರ್ನುಗಳು ಶುರುವಾದವು. ಒಬ್ಬರು ವಿಮಾನಕ್ಕೆ ಹೊತ್ತಾಯಿತು ಎಂದು ಕೂಗಿದರು. ಇನ್ನೊಬ್ಬರು, ಕುಡಿದಿರಬೇಕು ಎಂದರು. ಮತ್ತೊಬ್ಬರು ಕಿಟಕಿಯಿಂದ ನೋಟು ಹಿಡಿದ ಕೈ ಚಾಚಿದರು. ಒಬ್ಬ ದಪ್ಪ ಮನುಷ್ಯ ಇಳಿದು ಬಂದು ಡ್ರೈವರುಗಳ ಮೇಲೆ ಹಾರಿಬಿದ್ದ. “ನೋಡ್ತಾ ನಿಂತಿದ್ದೀರಲ್ಲ, ಕೈಕಾಲು ಹಿಡಿದು ಪಕ್ಕಕ್ಕೆ ಎಳೆದು ಹಾಕ್ರಯ್ಯ!”

ಇಬ್ಬರು ಡ್ರೈವರುಗಳು ಹಿಂದೆಮುಂದೆ ನೋಡುತ್ತಾ ಹತ್ತಿರ ಬಂದರು. “ಏಳು ನೊರೆಯಕ್ಕ, ಸುಮ್ನೆ ರಗಳೆ ಬೇಡ. ನಮ್ಮ ಹೊಟ್ಟೆ ಮೇಲೂ ಹೊಡೀಬೇಡ.”

ನೊರೆಯಕ್ಕ ಮಡಿಲು ಬಿಚ್ಚಿದಳು. ಕಕ್ಕಿದ್ದನ್ನೆಲ್ಲ ಎರಡೂ ಅಂಗೈಯಲ್ಲಿ ಬಾಚಿ, ಮೊಣಕೈವರೆಗೆ, ಕತ್ತಿಗೆ, ಕೆನ್ನೆಗೆ ಬಳಿದುಕೊಂಡಳು.

“ಬನ್ರೋ, ಮುಟ್ರೋ! ನಿಮ್ಮೆಲ್ಲರದನ್ನೂ ಇದೇ ಕೈಯಲ್ಲಿ ಬಾಚಿದ್ದೀನಿ. ಇದು ನಂದು. ಯಾವನಿಗೆ ಧೈರ್ಯ ಇದೆ, ಬಂದು ಎಳೀಲಿ! ಮೇಲೆ ನನ್ನ ಮಗಳು ಹೆರಲಾರದೆ ಸಾಯ್ತಿದ್ದಾಳೆ, ಅವಳಿಗೊಂದು ಗಾಡಿ ಸಿಗೋವರೆಗೂ ಏಳಲ್ಲ!”

ಡ್ರೈವರುಗಳು ನಿಂತರು. ದಪ್ಪ ಮನುಷ್ಯ ಹಿಂದಕ್ಕೆ ಹೋಗಿ ಕಾರಿಗೆ ಒರಗಿದ.

“ದಾರಿ ಬಿಟ್ಟರೆ ತಾನೇ ಯಾವುದಾದರೂ ಗಾಡಿ ಹೋಗೋದು? ಎದ್ದೇಳಮ್ಮ, ನಿನ್ನ ಮಗಳಿಗೆ ಗಾಡಿ ಕಳಿಸೋಣ” ಎಂದು ಬಸ್ಸಿನ ಬಾಗಿಲಿನಿಂದ ಒಬ್ಬರು ನಯವಾಗಿ ಹೇಳಿದರು.

“ಮೊದಲು ಬಾಗಿಲು ತೆಗೀರಿ. ನಾನು ಸೀಟಿನ ಮೇಲೆ ಕೂರ್ತೀನಿ, ಆಮೇಲೆ ದಾರಿ. ಎಷ್ಟೊಂದು ಗಾಡಿ ಇವೆಯಲ್ಲ. ದೊಡ್ಡದೋ, ಚಿಕ್ಕದೋ, ಕೆಂಪೋ, ಬಿಳೀದೋ, ನನಗೆ ಯಾವುದಾದರೂ ಆಗುತ್ತೆ. ನೀವೇ ಆರಿಸಿ.”

ಯಾರೂ ಬಾಗಿಲು ತೆಗೆಯಲಿಲ್ಲ. ಎದುರಿನ ಕಾರಿನಲ್ಲಿದ್ದ ಹೆಂಗಸು ಗಾಜು ಏರಿಸಿದಳು. ನೊರೆಯಕ್ಕನನ್ನು ಎಳೆದು ಹಾಕದಂತೆ ಯಾವ ಹೊಲಸು ಕಾಯುತ್ತಿತ್ತೋ ಅದೇ ಅವಳನ್ನು ಯಾವ ಗಾಡಿಗೂ ಹತ್ತಿಸದಂತೆ ತಡೆಯುತ್ತಿತ್ತು. ಅದು ಅವಳಿಗೂ ಈಗ ಗೊತ್ತಾಯಿತು. ಆದರೂ ಅವಳು ಏಳಲಿಲ್ಲ.

ಫೋನು ಹೊಡೆದುಕೊಂಡಿತು. ಬಳಿದುಕೊಂಡ ಕೈಯಲ್ಲೇ ತೆಗೆದು ಕಿವಿಗಿಟ್ಟಳು.

“ಅತ್ತೆ, ನಿಮ್ಮ ತಮ್ಮ ಹೋಟೆಲಿಗೆ ಬಂದಿದ್ದರು. ಪೆಟ್ಟಿಗೆ ಇಳಿಸಿ, ಇವಳ ಮುಖ ನೋಡಿ, ಹೊರಟುಹೋದರು. ನೀವೆಲ್ಲಿದ್ದೀರಿ ಅತ್ತೆ?”

“ತಿರುವಿನಲ್ಲಿದ್ದೀನಿ ಕಣಪ್ಪ. ಎಲ್ಲಾ ಗಾಡಿಗಳೂ ಇಲ್ಲೇ ನಿಂತಿವೆ. ಒಂದು ಹೊರಡುತ್ತೆ. ಅವಳಿಗೆ ಬೆಚ್ಚಗೆ ಹೊದಿಸಿ, ಬಾಗಿಲ ಹತ್ತಿರ ಕರ್ಕೊಂಡು ಬಂದು ಕೂರಿಸು.”

ಮೇಲೂ ಕೆಳಗೂ ಒಟ್ಟಿಗೆ ಹಾರ್ನುಗಳು ಕೂಗಿದವು. ಅಳಿಯನಿಗೆ ಕೇಳಿಸಿತೋ ಇಲ್ಲವೋ ಎಂದು, ಅವಳು ಅದೇ ಮಾತನ್ನು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು.